ಅಪ್ಪನ ಗುರುತಿನ ಚೀಟಿಯಲ್ಲಿರುವ ಸಾತನೂರು ಕ್ಷೇತ್ರ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಕನಕಪುರ ತಾಲ್ಲೂಕು ಸಾತನೂರು ಹೋಬಳಿಯ ಒಂದು ಹಳ್ಳಿ. ನಾನು ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ, ಓಟು ಮಾತ್ರ ಊರಿನಲ್ಲೇ ಇದೆ. ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಟ್ರಂಕಿನಲ್ಲಿ ಹಳೆಯ ಮತದಾರರ ಗುರುತಿನ ಚೀಟಿ ಸಿಕ್ಕಿತು. ಅದರ ಹಿಂಬದಿಯಲ್ಲಿ ‘ಸಾತನೂರು ವಿಧಾನಸಭಾ ಕ್ಷೇತ್ರ’ ಎಂದಿದೆ, ನನ್ನ ಚೀಟಿಯಲ್ಲಿ ಕನಕಪುರ ಎಂದಿದೆ. ಪಟ್ಟಿ ಪರಿಷ್ಕರಣೆಗೆ 2002ರ ಮತದಾರರ ಪಟ್ಟಿಯಲ್ಲಿ ತಂದೆ ತಾಯಿಯ ಹೆಸರು ತೋರಿಸಬೇಕು ಎನ್ನುತ್ತಾರೆ. ಕನಕಪುರದ ಆ ಪಟ್ಟಿಯನ್ನೆಲ್ಲ ಜಾಲಾಡಿದರೂ ಹೆಸರು ಸಿಗಲಿಲ್ಲ. ಕ್ಷೇತ್ರವೇ ಇಲ್ಲದ ಚೀಟಿಗೆ ಬೆಲೆ ಇದೆಯೇ? ನನ್ನ ಹೆಸರನ್ನೂ ತೆಗೆದುಹಾಕುತ್ತಾರೆಯೇ? ಊರಿನಲ್ಲಿ ಕೇಳಿದರೆ ಒಬ್ಬರು ‘ಒಬ್ಬ ನಾಯಕರನ್ನು ಮುಗಿಸಲು ಕ್ಷೇತ್ರ ತೆಗೆದರು’ ಎನ್ನುತ್ತಾರೆ, ಇನ್ನೊಬ್ಬರು ‘ಅವರಿಗೆ ಅನುಕೂಲವಾಗಲೆಂದೇ ತೆಗೆದರು’ ಎನ್ನುತ್ತಾರೆ. ಕ್ಷೇತ್ರ ಹೋದ ಮೇಲೆ ನಮ್ಮ ಹೋಬಳಿಗೆ ಬೆಲೆಯೇ ಇಲ್ಲ ಎಂಬ ನೋವು ಎಲ್ಲರಲ್ಲೂ ಇದೆ. ಕೋರ್ಟಿಗೆ ಹೋದರೆ ಕ್ಷೇತ್ರ ಮರಳಿ ಬರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದು, ನಿಮ್ಮ ಓಟು ಉಳಿಯುತ್ತದೆಯೇ ಎಂಬುದು. ಇನ್ನೊಂದು, ನಿಮ್ಮ ಊರಿನ ಹೆಸರು ವಿಧಾನಸಭೆಯಿಂದ ಅಳಿಸಿಹೋದದ್ದು ಏಕೆ ಎಂಬುದು. ಮೊದಲನೆಯದಕ್ಕೆ ಒಂದು ವಾಕ್ಯದಲ್ಲಿ ಸಮಾಧಾನ ಹೇಳುತ್ತೇನೆ: ಕ್ಷೇತ್ರ ರದ್ದಾದ ಕಾರಣಕ್ಕೆ ಯಾರ ಮತದಾನದ ಹಕ್ಕೂ ಹೋಗುವುದಿಲ್ಲ. ನಿಮ್ಮ ತಂದೆಯ ಹೆಸರು ನಿಮಗೆ ಸಿಗದಿರುವುದು ಅವರು ಪಟ್ಟಿಯಲ್ಲಿ ಇಲ್ಲವೆಂದಲ್ಲ, ನೀವು ಬೇರೆ ಕ್ಷೇತ್ರದ ಪಟ್ಟಿಯಲ್ಲಿ ಹುಡುಕಿದಿರಿ ಎಂದು. 2002ರಲ್ಲಿ ನಿಮ್ಮ ಹಳ್ಳಿ ಕನಕಪುರ ಕ್ಷೇತ್ರದಲ್ಲಿ ಇರಲೇ ಇಲ್ಲ. ಹೇಗೆ ಹುಡುಕಬೇಕು ಎಂಬುದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಆದರೆ ಎರಡನೆಯ ಪ್ರಶ್ನೆ ದೊಡ್ಡದು, ಅದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕಂದಾಯ ಇಲಾಖೆಯ ಚುನಾವಣಾ ಶಾಖೆಗಳಲ್ಲಿ ಸೇವೆಯ ಬಹುಪಾಲು ಕಳೆದವನು ನಾನು. ಸಾತನೂರಿನಂಥ ಹಲವು ಕ್ಷೇತ್ರಗಳ ಹೆಸರು ಪಟ್ಟಿಯಿಂದ ಜಾರಿಹೋದದ್ದನ್ನು ಹತ್ತಿರದಿಂದ ಕಂಡಿದ್ದೇನೆ.

ಸಾತನೂರು ಸಾಮಾನ್ಯ ಕ್ಷೇತ್ರವಾಗಿರಲಿಲ್ಲ. ನಿಮ್ಮ ಊರಿನವರಿಗೆ ಅದರ ಮೇಲೆ ಅಭಿಮಾನ ಇರುವುದು ಸಹಜ. 1985ರಲ್ಲಿ ಎಚ್.ಡಿ. ದೇವೇಗೌಡರು ಹೊಳೆನರಸೀಪುರದ ಜೊತೆಗೆ ಸಾತನೂರಿನಲ್ಲೂ ನಿಂತು ಎರಡು ಕಡೆಯೂ ಗೆದ್ದರು. ಆಗ ಸಾತನೂರಿನಲ್ಲಿ ಅವರ ಎದುರು ಸೋತವರು ಡಿ.ಕೆ. ಶಿವಕುಮಾರ್. ನಾಲ್ಕು ವರ್ಷದ ಬಳಿಕ, 1989ರಲ್ಲಿ, ಅದೇ ಕ್ಷೇತ್ರ ಅವರನ್ನು ವಿಧಾನಸಭೆಗೆ ಕಳುಹಿಸಿತು. 1994ರಲ್ಲಿ ಪಕ್ಷದ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತಾಗಲೂ ಕೈಬಿಡಲಿಲ್ಲ. 1999ರಲ್ಲಿ ಅವರ ಎದುರಾಳಿಯಾಗಿದ್ದವರು ಎಚ್.ಡಿ. ಕುಮಾರಸ್ವಾಮಿ. 2004ರದ್ದು ಸಾತನೂರಿನ ಕೊನೆಯ ಸಾರ್ವತ್ರಿಕ ಚುನಾವಣೆ, ಅಲ್ಲಿಯೂ ಶಿವಕುಮಾರ್ ಅವರೇ ಗೆದ್ದರು. ಒಂದು ಹೋಬಳಿಯ ಹೆಸರು ಹೊತ್ತ ಕ್ಷೇತ್ರದ ಮತಪತ್ರದಲ್ಲಿ ಮುಂದೆ ಪ್ರಧಾನಿಯಾದವರು, ಎರಡು ಸಲ ಮುಖ್ಯಮಂತ್ರಿಯಾದವರು, 2023ರಲ್ಲಿ ಉಪಮುಖ್ಯಮಂತ್ರಿಯಾದವರು, ಈ ಮೂವರ ಹೆಸರೂ ಬಂದುಹೋಗಿವೆ. ರಾಜ್ಯದಲ್ಲಿ ಇಂಥ ಚರಿತ್ರೆ ಇರುವ ಕ್ಷೇತ್ರಗಳು ಎಷ್ಟೆಂದು ಬೆರಳೆಣಿಸಿ ಹೇಳಬಹುದು.

ಆ ಚರಿತ್ರೆಯೇ ನಿಮ್ಮ ಊರಿನ ಎರಡೂ ಗಾಳಿಮಾತುಗಳಿಗೆ ಮೂಲ. ಇಷ್ಟು ದೊಡ್ಡ ಹೆಸರುಗಳು ಸುತ್ತಿಕೊಂಡಿರುವ ಕ್ಷೇತ್ರ ಮಾಯವಾದರೆ ಜನ ಯಾರದೋ ಕೈವಾಡ ಎಂದೇ ಭಾವಿಸುತ್ತಾರೆ. ಒಬ್ಬರನ್ನು ಮುಗಿಸಲು ತೆಗೆದರು ಎಂಬ ಮಾತಿಗೆ ಫಲಿತಾಂಶಗಳೇ ಉತ್ತರ: ಶಿವಕುಮಾರ್ 2008ರಲ್ಲಿ ಕನಕಪುರಕ್ಕೆ ಬಂದು ಗೆದ್ದರು. ಆಮೇಲೆ 2013, 2018, 2023ರಲ್ಲೂ ಗೆದ್ದರು, ಕೊನೆಯ ಸಲದ ಅಂತರ 1,22,392 ಮತ. ಹಾಗಾದರೆ ಅವರ ಅನುಕೂಲಕ್ಕೇ ತೆಗೆದರು ಎಂಬ ಇನ್ನೊಂದು ಮಾತು ನಿಜವೇ? ಗೆದ್ದವರಿಗೆ ಆದ ಲಾಭವನ್ನು ನೋಡಿ ಹಿಂದಿನ ಕಾರಣವನ್ನು ಊಹಿಸುವುದು ಸರಿಯಲ್ಲ. ನಿಜವಾದ ಕಾರಣ ಜನಗಣತಿಯ ಕಾಗದದಲ್ಲಿ ಇದೆ. ಪೆನ್ನು ಕಾಗದ ಹಿಡಿದು ಕೂತರೆ ಅದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ನಮ್ಮ ವಿಧಾನಸಭೆಗೆ ಏಕೀಕರಣದ ನಂತರ, 1957ರಲ್ಲಿ, 208 ಸ್ಥಾನಗಳಿದ್ದವು. 1967ಕ್ಕೆ 216 ಆಯಿತು, 1978ಕ್ಕೆ 224. ಅಲ್ಲಿಗೆ ನಿಂತಿತು. 1976ರ 42ನೇ ಸಂವಿಧಾನ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನೂ ಗಡಿಗಳನ್ನೂ 1971ರ ಜನಗಣತಿಗೆ ಕಟ್ಟಿಹಾಕಿತು. 1978ರಿಂದ 2004ರವರೆಗೆ ಏಳು ವಿಧಾನಸಭಾ ಚುನಾವಣೆಗಳು ಅದೇ ಗಡಿಗಳ ಮೇಲೆ ನಡೆದವು. ಅಷ್ಟರಲ್ಲಿ ಬೆಂಗಳೂರು ಹೇಗೆ ಬೆಳೆಯಿತು ಎಂದು ನಿಮಗೆ ನಾನು ಹೇಳಬೇಕಿಲ್ಲ, ನೀವೇ ಅದರೊಳಗೆ ಇದ್ದೀರಿ. 1971ರಲ್ಲಿ ತೋಟ, ಕೆರೆ, ರಾಗಿ ಹೊಲಗಳಾಗಿದ್ದ ಉತ್ತರಹಳ್ಳಿ ಸುತ್ತಿನ ಹಳ್ಳಿಗಳೆಲ್ಲ ಬಡಾವಣೆಗಳಾದವು. ಉತ್ತರಹಳ್ಳಿ ಕ್ಷೇತ್ರ ಮತದಾರರ ಸಂಖ್ಯೆಯಲ್ಲಿ ರಾಜ್ಯಕ್ಕೇ ದೊಡ್ಡದಾಯಿತು. ಅಲ್ಲಿಯ ಒಬ್ಬ ಶಾಸಕರಿಗೂ ಸಾತನೂರಿನ ಒಬ್ಬ ಶಾಸಕರಿಗೂ ಸದನದಲ್ಲಿ ಇದ್ದದ್ದು ಒಂದೇ ಓಟು. ಅಂದರೆ ಉತ್ತರಹಳ್ಳಿಯ ಒಬ್ಬ ಮತದಾರನ ಮಾತಿಗೆ ಸಾತನೂರಿನವರ ಮಾತಿಗಿಂತ ಎಷ್ಟೋ ಪಾಲು ಕಡಿಮೆ ತೂಕ.

ಇದನ್ನು ಸರಿಪಡಿಸಲು, ಅಂದರೆ ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಎಳೆಯಲು, 2002ರ ಪುನರ್ವಿಂಗಡಣಾ ಕಾಯ್ದೆ ಬಂತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಕೆಲಸಕ್ಕೆ ಕೂತಿತು. 84ನೇ ತಿದ್ದುಪಡಿಯಿಂದಾಗಿ ಆಯೋಗಕ್ಕೆ ಒಂದು ಕಟ್ಟು ಇತ್ತು: 224 ಎಂಬ ಸಂಖ್ಯೆಯನ್ನು ಹೆಚ್ಚಿಸುವಂತಿಲ್ಲ, ಒಳಗಿನ ಗಡಿಗಳನ್ನು ಮಾತ್ರ ಬದಲಿಸಬಹುದು. ನಗರಕ್ಕೆ ಕೊಡಬೇಕಾದರೆ ಹಳ್ಳಿಯಿಂದಲೇ ತೆಗೆಯಬೇಕು. ಮನೆ ಅದೇ ಅಳತೆಯದು, ಒಂದು ಕೋಣೆ ದೊಡ್ಡದಾಗಬೇಕಾದರೆ ಪಕ್ಕದ ಕೋಣೆಯ ಗೋಡೆ ಸರಿಯಬೇಕು.

ಈಗ ಲೆಕ್ಕ. 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5,28,50,562. ಇದನ್ನು 224ರಿಂದ ಭಾಗಿಸಿದರೆ ಕ್ಷೇತ್ರವೊಂದಕ್ಕೆ ಸರಾಸರಿ 2,35,940. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65,37,124, ಭಾಗಿಸಿದರೆ 27.7. ಹೀಗಾಗಿ ಅಲ್ಲಿ 16 ಇದ್ದ ಕ್ಷೇತ್ರಗಳು 28 ಆದವು. ನಿಮ್ಮ ತಾಲ್ಲೂಕು ಆಗ ಇದ್ದದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, ರಾಮನಗರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಗ್ರಾಮಾಂತರದ ಜನಸಂಖ್ಯೆ 18,81,514, ಭಾಗಿಸಿದರೆ 7.97. ಅಲ್ಲಿ ಇದ್ದದ್ದು ಒಂಬತ್ತು ಕ್ಷೇತ್ರಗಳು: ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಸಾತನೂರು. ಎಂಟಾಗಬೇಕು. ಒಂದು ಹೋಗಬೇಕು.

ಒಂಬತ್ತರಲ್ಲಿ ನಮ್ಮದೇ ಏಕೆ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಲೆಕ್ಕವನ್ನು ಇನ್ನೂ ಸ್ವಲ್ಪ ಕೆಳಕ್ಕೆ ಇಳಿಸಿ. ಈಗಿನ ರಾಮನಗರ ಭಾಗದಲ್ಲಿ 2001ರಲ್ಲಿ ಇದ್ದ ಜನ 10,30,546, ಕ್ಷೇತ್ರಗಳು ಐದು. ಐದನ್ನೂ ಉಳಿಸಿಕೊಂಡಿದ್ದರೆ ಒಂದೊಂದಕ್ಕೆ ಸುಮಾರು 2.06 ಲಕ್ಷ, ಅಂದರೆ ಸರಾಸರಿಗಿಂತ ಶೇ 12.6ರಷ್ಟು ಕಡಿಮೆ. ಆಯೋಗ ಒಪ್ಪಿಕೊಂಡಿದ್ದ ಏರಿಳಿತ ಶೇ 10. ನಾಲ್ಕು ಮಾಡಿದರೆ ಒಂದೊಂದಕ್ಕೆ ಸುಮಾರು 2.58 ಲಕ್ಷ, ಸರಾಸರಿಗಿಂತ ಶೇ 9.2 ಹೆಚ್ಚು, ಮಿತಿಯೊಳಗೆ. ಆಚೆ ಬದಿಯ ನಾಲ್ಕು ಕ್ಷೇತ್ರಗಳ ಭಾಗದಲ್ಲಿ 8,50,968 ಜನ. ಅಲ್ಲಿ ಒಂದನ್ನು ತೆಗೆದು ಮೂರು ಮಾಡಿದ್ದರೆ ಸರಾಸರಿಗಿಂತ ಶೇ 20 ಹೆಚ್ಚಾಗಿಬಿಡುತ್ತಿತ್ತು. ಹೀಗಾಗಿ ಪೆಟ್ಟು ನಿಮ್ಮ ಬದಿಗೇ ಬೀಳಬೇಕಿತ್ತು. ಈ ಲೆಕ್ಕದಲ್ಲಿ ಯಾವ ನಾಯಕರ ಹೆಸರೂ ಇಲ್ಲ, ಯಾವ ಪಕ್ಷವೂ ಇಲ್ಲ.

ಆದರೆ ನಾನು ನಿಮ್ಮ ಊರಿನವರ ಅನುಮಾನವನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಎಷ್ಟು ಕ್ಷೇತ್ರ ಎಂಬುದು ಲೆಕ್ಕ. ಗೆರೆ ಎಲ್ಲಿ ಎಳೆಯಬೇಕು ಎಂಬುದು ವಿವೇಚನೆ. ಐದರಲ್ಲಿ ಒಂದು ಹೋಗಬೇಕು ಎಂದು ಲೆಕ್ಕ ಹೇಳಿತು. ಯಾವ ಹೋಬಳಿ ಯಾವ ಕಡೆಗೆ ಎಂದು ಮನುಷ್ಯರು ಮೇಜಿನ ಸುತ್ತ ಕೂತು ತೀರ್ಮಾನಿಸಿದರು. ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಆಯೋಗಕ್ಕೆ ಸಹ ಸದಸ್ಯರಾಗಿದ್ದರು. ಅವರಿಗೆ ಮತದ ಹಕ್ಕು ಇರಲಿಲ್ಲ, ಆದರೆ ಮಾತಾಡುವ ಹಕ್ಕು ಇತ್ತು. ಮಾತಾಡದೆ ಸುಮ್ಮನೆ ಕೂತಿದ್ದರು ಎಂದು ಯಾರೂ ನಂಬಬೇಕಾಗಿಲ್ಲ.

ನಿಮ್ಮ ಕಡೆ ಗೆರೆಗಳು ಸರಿದ ರೀತಿಯನ್ನು ನಕ್ಷೆಯ ಮೇಲೆ ನೋಡಿದರೆ ಒಂದು ಸರಪಳಿ ಕಾಣುತ್ತದೆ. ಮಾಗಡಿ ತಾಲ್ಲೂಕಿನ ಸೋಲೂರು ಹೋಬಳಿ ನೆಲಮಂಗಲ ಕ್ಷೇತ್ರಕ್ಕೆ ಹೋಯಿತು. ಮಾಗಡಿ ಕ್ಷೇತ್ರಕ್ಕೆ ರಾಮನಗರ ತಾಲ್ಲೂಕಿನ ಬಿಡದಿ ಬಂತು. ರಾಮನಗರ ಕ್ಷೇತ್ರಕ್ಕೆ ಕನಕಪುರ ತಾಲ್ಲೂಕಿನ ಹಾರೋಹಳ್ಳಿ, ಮರಳವಾಡಿ ಬಂದವು. ಕನಕಪುರ ಕ್ಷೇತ್ರಕ್ಕೆ ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ ಹೋಬಳಿಗಳು ಬಂದು ಸೇರಿದವು. ಹೀಗೆ ಒಂದೊಂದಾಗಿ ಸರಿಯುತ್ತ ಬಂದು ಕೊನೆಗೆ ಹೆಸರು ಕಳೆದುಕೊಂಡದ್ದು ಸಾತನೂರು. ಬಿಡದಿಯವರು ರಾಮನಗರದ ಪಕ್ಕದಲ್ಲೇ ಇದ್ದು ಮಾಗಡಿಯ ಶಾಸಕರ ಬಳಿಗೆ ಹೋಗಬೇಕಾದದ್ದು ಇದೇ ಸರಪಳಿಯಿಂದ. ನಷ್ಟ ನಿಮ್ಮೊಬ್ಬರದಲ್ಲ.

ಹೆಸರು ಕಳೆದುಕೊಳ್ಳುವುದರಲ್ಲೂ ಒಂದು ಕ್ರಮವಿದೆ. 2008ರಲ್ಲಿ ಅಳಿದ ಹಳೆಯ ಮೈಸೂರು ಭಾಗದ ಕ್ಷೇತ್ರಗಳ ಹೆಸರು ಒಮ್ಮೆ ಓದಿ ನೋಡಿ: ಸಂತೇಮರಹಳ್ಳಿ, ಬನ್ನೂರು, ಕೆರಗೋಡು, ಕಿರುಗಾವಲು, ಗಂಡಸಿ, ಬೀರೂರು, ಹುಲಿಯೂರುದುರ್ಗ, ಬೆಳ್ಳಾವಿ, ಕಳ್ಳಂಬೆಳ್ಳ, ವೇಮಗಲ್, ಬೇತಮಂಗಲ, ಭರಮಸಾಗರ. ಇವೆಲ್ಲ ತಾಲ್ಲೂಕು ಕೇಂದ್ರಗಳಲ್ಲ, ತಾಲ್ಲೂಕಿನೊಳಗಿನ ಊರುಗಳು. ಎರಡು ಕ್ಷೇತ್ರಗಳನ್ನು ಒಂದು ಮಾಡುವಾಗ ಕಚೇರಿ, ಖಜಾನೆ, ಮತ ಎಣಿಕೆಗೆ ಜಾಗ ಇರುವ ತಾಲ್ಲೂಕು ಕೇಂದ್ರದ ಹೆಸರು ಉಳಿಯುತ್ತದೆ, ಹೋಬಳಿಯ ಹೆಸರು ಹೋಗುತ್ತದೆ. ಸೋಮವಾರಪೇಟೆ, ಹೊಸನಗರ, ಅಂಕೋಲಾದಂಥ ತಾಲ್ಲೂಕು ಕೇಂದ್ರಗಳಿಗೂ ಈ ಗತಿ ಬಂದದ್ದುಂಟು. ಕೊಡಗಿನ ಮೂರು ಕ್ಷೇತ್ರಗಳು ಎರಡಾದವು, ಏಕೆಂದರೆ ಇಡೀ ಜಿಲ್ಲೆಯ ಜನಸಂಖ್ಯೆ 5,48,561. ಆದರೆ ಹೆಚ್ಚಿನ ಪಾಲು ಹೋಬಳಿಗಳದ್ದೇ.

ಸಂತೇಮರಹಳ್ಳಿಯನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಓಟಿನ ಗೆಲುವು. ಅದೇ ಆ ಕ್ಷೇತ್ರದ ಕೊನೆಯ ಸಾರ್ವತ್ರಿಕ ಚುನಾವಣೆಯೂ ಆಯಿತು. ಒಂದು ಓಟಿಗೆ ಎಷ್ಟು ಬೆಲೆ ಎಂದು ಇಡೀ ದೇಶಕ್ಕೆ ತೋರಿಸಿದ ಕ್ಷೇತ್ರ ಇಂದು ನಕ್ಷೆಯಲ್ಲಿಲ್ಲ.

ನಿಮ್ಮ ಸಾತನೂರಿನ ಕಥೆಗೆ ಉತ್ತರಹಳ್ಳಿಯ ಇನ್ನೊಂದು ಕೊಂಡಿಯೂ ಇದೆ. ಅತಿಯಾಗಿ ಬೆಳೆದ ಉತ್ತರಹಳ್ಳಿಯನ್ನೂ ಅದೇ ಪುನರ್ವಿಂಗಡಣಾ ಆದೇಶ ಒಡೆದು ಪದ್ಮನಾಭನಗರ, ಬೆಂಗಳೂರು ದಕ್ಷಿಣ, ಬೊಮ್ಮನಹಳ್ಳಿ ಮೊದಲಾದ ಕ್ಷೇತ್ರಗಳಿಗೆ ಹಂಚಿತು. ಉತ್ತರಹಳ್ಳಿಯ ಕೊನೆಯ ಶಾಸಕರು ಆರ್. ಅಶೋಕ. 2023ರಲ್ಲಿ ಅವರು ಪದ್ಮನಾಭನಗರದ ಜೊತೆಗೆ ಕನಕಪುರದಲ್ಲೂ ನಿಂತರು. ಒಂದು ಕಾಲಕ್ಕೆ ಉತ್ತರಹಳ್ಳಿಯೂ ಸಾತನೂರೂ ಒಂದೇ ಕನಕಪುರ ಲೋಕಸಭಾ ಕ್ಷೇತ್ರದಲ್ಲಿದ್ದವು. 2008ರಲ್ಲಿ ಆ ಲೋಕಸಭಾ ಕ್ಷೇತ್ರವೂ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. ಬೆಳೆದು ಒಡೆದ ಕ್ಷೇತ್ರದ ಕೊನೆಯ ಶಾಸಕರೂ ಸೊರಗಿ ಅಳಿದ ಕ್ಷೇತ್ರದ ಕೊನೆಯ ಶಾಸಕರೂ ಹದಿನೈದು ವರ್ಷದ ಬಳಿಕ ಕನಕಪುರದ ಕಣದಲ್ಲಿ ಎದುರುಬದುರಾದರು.

ಹೋಬಳಿಗೆ ಬೆಲೆ ಇಲ್ಲವಾಯಿತು ಎಂಬ ಮಾತಿಗೆ ಬರುತ್ತೇನೆ. ಇದರಲ್ಲಿ ಅರ್ಧ ತಪ್ಪು ತಿಳಿವಳಿಕೆ, ಅರ್ಧ ನಿಜ. ನಾಡಕಚೇರಿ, ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಗ್ರಾಮ ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಇವು ಯಾವುದೂ ವಿಧಾನಸಭಾ ಕ್ಷೇತ್ರದ ಮೇಲೆ ನಿಂತಿಲ್ಲ. ಹೋಬಳಿ ಕಂದಾಯ ಘಟಕ, ಅದು ಮೊದಲು ಹೇಗಿತ್ತೋ ಹಾಗೆಯೇ ಇದೆ. ಕ್ಷೇತ್ರ ಹೋದದ್ದರಿಂದ ನಿಮ್ಮ ಜಮೀನಿನ ದಾಖಲೆಯಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಆದರೆ ಶಾಸಕರ ಕೈಯಲ್ಲಿ ಇರುವ ಕೆಲವು ಸಂಗತಿಗಳಿವೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಕ್ಷೇತ್ರ ಚಿಕ್ಕದಾದರೂ ದೊಡ್ಡದಾದರೂ ಅಷ್ಟೇ. ಎರಡು ಕ್ಷೇತ್ರದ ಹಳ್ಳಿಗಳು ಒಂದಕ್ಕೆ ಸೇರಿದಾಗ ತಲೆಗೆ ಬರುವ ಪಾಲು ತೆಳುವಾಗುತ್ತದೆ. ಬಗರ್ ಹುಕುಂ ಸಾಗುವಳಿಯ ಸಕ್ರಮೀಕರಣ ಸಮಿತಿಗೆ ಅಧ್ಯಕ್ಷರು ಶಾಸಕರು. ಅರ್ಜಿಗಳು ಹೆಚ್ಚಿ ಸಭೆಗಳು ಅಷ್ಟೇ ಇದ್ದರೆ ಕಡತ ಕಾಯುವುದೂ ಹೆಚ್ಚು. ಮುಖ್ಯವಾಗಿ ದೂರ. ನದಿಯಂಚಿನ, ಕಾಡಂಚಿನ ಹಳ್ಳಿಯ ರೈತ ತನ್ನ ಶಾಸಕರನ್ನು ಕಾಣಲು ಮೊದಲು ಸಾತನೂರಿನ ಮುಖ ನೋಡುತ್ತಿದ್ದ, ಈಗ ಕನಕಪುರದ ಮುಖ ನೋಡಬೇಕು. ಇದನ್ನು ನಷ್ಟವಲ್ಲ ಎಂದು ನಾನು ಹೇಳಲಾರೆ.

2008ರ ಮೇ ತಿಂಗಳ ಒಂದು ಬೆಳಿಗ್ಗೆ ನನ್ನ ಕಣ್ಣ ಮುಂದಿದೆ. ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ನಡೆದದ್ದು ನಮ್ಮ ರಾಜ್ಯದ ಆ ಚುನಾವಣೆ. ಗಡಿಯ ಆದೇಶ ಜಾರಿಯಾದದ್ದು ಫೆಬ್ರವರಿ 19ರಂದು, ಮೂರು ತಿಂಗಳೊಳಗೆ ಮತದಾನ. ಮತದಾರರ ಪಟ್ಟಿಗಳನ್ನು ಹಳ್ಳಿವಾರು ಬಿಡಿಸಿ ಹೊಸ ಭಾಗ ಸಂಖ್ಯೆ, ಅಂದರೆ ಒಂದೊಂದು ಮತಗಟ್ಟೆಯ ಪಟ್ಟಿಗೆ ಇರುವ ಸಂಖ್ಯೆ, ಕೊಡುವ ಕೆಲಸದಲ್ಲಿ ನಾವು ರಾತ್ರಿಗಳನ್ನು ಕಳೆದಿದ್ದೆವು. ನಾನಿದ್ದ ತಾಲ್ಲೂಕು ಬೇರೆ. ಅಲ್ಲಿಯೂ ಒಂದು ಹೋಬಳಿ ಪಕ್ಕದ ಕ್ಷೇತ್ರಕ್ಕೆ ಹೋಗಿತ್ತು. ಎಂಬತ್ತು ದಾಟಿದ ಒಬ್ಬ ಅಜ್ಜಿ ಮತಯಂತ್ರದ ಮುಂದೆ ಬಹಳ ಹೊತ್ತು ನಿಂತರು. ಹೊರಗೆ ಬಂದು ‘ನಮ್ಮವನ ಚಿತ್ರ ಇಲ್ಲವಲ್ಲಪ್ಪಾ’ ಎಂದರು. ಅವರು ಇಪ್ಪತ್ತು ವರ್ಷ ಯಾರಿಗೆ ಓಟು ಹಾಕಿದ್ದರೋ ಆ ಅಭ್ಯರ್ಥಿ ಪಕ್ಕದ ಕ್ಷೇತ್ರದಲ್ಲಿ ನಿಂತಿದ್ದರು. ಗಡಿ ಬದಲಾದದ್ದನ್ನು ಮನೆಮನೆಗೆ ತಿಳಿಸಬೇಕಾದವರು ನಾವು. ಅವರ ಮನೆಗೆ ಆ ಸುದ್ದಿ ತಲುಪಿರಲಿಲ್ಲ. ಅವರ ಬೆರಳಿಗೆ ಶಾಯಿ ಹಾಕಿಯಾಗಿತ್ತು.

ಈಗ ನಿಮ್ಮ ಕೈಯಲ್ಲಿರುವ ಚೀಟಿಯ ವಿಷಯ. ಕರ್ನಾಟಕದಲ್ಲಿ ಮತದಾರರ ಪಟ್ಟಿಯ ಹಿಂದಿನ ತೀವ್ರ ಪರಿಷ್ಕರಣೆ ನಡೆದದ್ದು 2002ರಲ್ಲಿ. ಆಗ ಸಾತನೂರು ಜೀವಂತ ಕ್ಷೇತ್ರ. ಆದ್ದರಿಂದ 2002ರ ಪಟ್ಟಿಯಲ್ಲಿ ನಿಮ್ಮ ಹಳ್ಳಿಯನ್ನು ಹುಡುಕಬೇಕಾದದ್ದು ಸಾತನೂರು ಕ್ಷೇತ್ರದ ಅಡಿಯಲ್ಲಿ, ಆಗಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. ಭಾಗ ಸಂಖ್ಯೆ ಪ್ರತಿ ಕ್ಷೇತ್ರಕ್ಕೂ 1ರಿಂದ ಶುರುವಾಗುತ್ತದೆ. ಹಾಗಾಗಿ ಅಪ್ಪನ ಚೀಟಿಯಲ್ಲಿರುವ ಭಾಗ ಸಂಖ್ಯೆಯನ್ನು ಕನಕಪುರದ ಪಟ್ಟಿಯಲ್ಲಿ ತೆಗೆದರೆ ಬೇರೆ ಯಾವುದೋ ಊರು ಬರುತ್ತದೆ. ನಿಮಗೆ ಆದದ್ದು ಅದೇ ಇರಬೇಕು. ಈಗಿನ ಕನಕಪುರದ ಸಂಖ್ಯೆ 184, ಹಳೆಯ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ನಂಬಿ ಹುಡುಕಬೇಡಿ. ಕ್ಷೇತ್ರದ ಹೆಸರು ಹಿಡಿಯಿರಿ, ಆಮೇಲೆ ಮತಗಟ್ಟೆ ಇದ್ದ ಶಾಲೆಯ ಊರು ಹಿಡಿಯಿರಿ, ಆಮೇಲೆ ಮನೆ ಸಂಖ್ಯೆ ನೋಡುತ್ತ ಸಾಗಿ. ಚಿಕ್ಕ ಹಳ್ಳಿಗಳಿಗೆ ಪಕ್ಕದ ಊರಿನಲ್ಲಿ ಮತಗಟ್ಟೆ ಇರುತ್ತಿತ್ತು ಎಂಬುದನ್ನು ಮರೆಯಬೇಡಿ. ಹೆಸರಿನ ಬರವಣಿಗೆಯಲ್ಲಿ ‘ಗೌಡ’ ಬಿಟ್ಟಿರಬಹುದು, ತಂದೆಯ ಹೆಸರಿನ ಬದಲು ಅಡ್ಡಹೆಸರು ಸೇರಿರಬಹುದು. ಅಕ್ಕಪಕ್ಕದ ಮನೆಯವರ ಹೆಸರು ಸಿಕ್ಕರೆ ನಿಮ್ಮದೂ ಅಲ್ಲೇ ಇರುತ್ತದೆ.

ಪರಿಷ್ಕರಣೆಯ ನಮೂನೆಯಲ್ಲಿ ಹಿಂದಿನ ಪಟ್ಟಿಯ ವಿವರ ಕೇಳಿದ ಜಾಗದಲ್ಲಿ ಹಳೆಯ ಕ್ಷೇತ್ರದ ಹೆಸರನ್ನೇ, ಹಳೆಯ ಭಾಗ ಸಂಖ್ಯೆ ಕ್ರಮ ಸಂಖ್ಯೆಗಳನ್ನೇ ಬರೆಯಿರಿ. ‘ಸಾತನೂರು ಈಗ ಇಲ್ಲವಲ್ಲ’ ಎಂದು ಕನಕಪುರ ಬರೆದರೆ ತಾಳೆಯಾಗುವುದಿಲ್ಲ. ಅಪ್ಪನ ಚೀಟಿಯನ್ನು ತಿದ್ದಿಸಲು ಹೋಗಬೇಡಿ, ಅದನ್ನು ಯಾರಿಗೂ ಒಪ್ಪಿಸಬೇಡಿ, ಎರಡೂ ಬದಿಯ ಛಾಯಾಪ್ರತಿ ಕೊಟ್ಟರೆ ಸಾಕು. ಈಗಿನ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಉಳಿದಿದ್ದರೆ ಮರಣ ಪ್ರಮಾಣಪತ್ರದೊಂದಿಗೆ ನಮೂನೆ 7 ಕೊಟ್ಟು ತೆಗೆಸಿ. 2002ರ ಪಟ್ಟಿ ಹಳೆಯ ದಾಖಲೆ, ಈಗ ಹೆಸರು ತೆಗೆಸಿದರೆ ಅದಕ್ಕೆ ಏನೂ ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಹುಟ್ಟಿಸಿದ ಸಾಲು ಬೇರೆ. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೀರಿ, ಓಟು ಊರಿನಲ್ಲಿದೆ ಎಂದು ಬರೆದಿದ್ದೀರಿ. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರೋ ಅಲ್ಲಿ ನಿಮ್ಮ ಹೆಸರು ಇರಬೇಕು. ಊರಿನಲ್ಲಿ ಮನೆ ಇದೆ ಎಂಬುದಷ್ಟೇ ಸಾಲದು ಎಂದು ಕಾಯ್ದೆಯೇ ಹೇಳುತ್ತದೆ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೆ ಬಂದಾಗ ಬೀಗ ಕಂಡರೆ, ನೆರೆಯವರು ‘ಅವರು ಬೆಂಗಳೂರಿನಲ್ಲಿದ್ದಾರೆ’ ಎಂದರೆ, ನಿಮ್ಮ ಹೆಸರು ತೆಗೆಯಲು ಕಾರಣ ಅದೇ ಆಗುತ್ತದೆ. ಸಾತನೂರು ಕ್ಷೇತ್ರ ರದ್ದಾದದ್ದು ಆಗುವುದಿಲ್ಲ. ನಮೂನೆ 8 ತುಂಬಿ ಬೆಂಗಳೂರಿಗೆ ವರ್ಗಾಯಿಸಿಕೊಂಡರೆ ಓಟು ಭದ್ರ, ಆದರೆ ಊರಿನ ಚುನಾವಣೆಯಲ್ಲಿ, ಪಂಚಾಯಿತಿ ಚುನಾವಣೆ ಸೇರಿ, ನಿಮ್ಮ ಮಾತು ಇರುವುದಿಲ್ಲ. ಊರಿನಲ್ಲೇ ಉಳಿಸಿಕೊಂಡರೆ ವಾಸದ ಪ್ರಶ್ನೆ ಎದ್ದಾಗ ಉತ್ತರ ಕೊಡುವ ಹೊಣೆ ನಿಮ್ಮದು. ಎರಡು ಕಡೆ ಹೆಸರು ಇಟ್ಟುಕೊಳ್ಳುವ ಯೋಚನೆ ಮಾತ್ರ ಮಾಡಬೇಡಿ. ಅದು ಕಾಯ್ದೆಗೆ ವಿರುದ್ಧ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ.

ಇಲ್ಲಿ ಹೆಸರಿನ ಒಂದು ಗೊಂದಲವನ್ನೂ ಹೇಳಿಬಿಡುತ್ತೇನೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಆದರೆ ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರ ಬೇರೆಯೇ ಇದೆ, ನಿಮ್ಮ ತಾಲ್ಲೂಕು ಅದರಲ್ಲಿಲ್ಲ. ಬೆಂಗಳೂರು ದಕ್ಷಿಣ ಎಂಬ ವಿಧಾನಸಭಾ ಕ್ಷೇತ್ರ ಮತ್ತೊಂದಿದೆ, ಅದು ಸೇರುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ. ಅರ್ಜಿ ತುಂಬುವಾಗ ಜಿಲ್ಲೆಯ ಹೆಸರನ್ನೂ ಕ್ಷೇತ್ರದ ಹೆಸರನ್ನೂ ಒಂದೇ ಎಂದು ತಿಳಿದು ಬರೆದರೆ ಅರ್ಜಿ ಬೇರೆ ಕಚೇರಿಯ ಮೇಜಿಗೆ ಹೋಗಿ ಕೂರುತ್ತದೆ.

ಕೋರ್ಟಿನ ದಾರಿಯಲ್ಲಿ ನನಗೆ ಭರವಸೆ ಇಲ್ಲ. ಸಂವಿಧಾನದ 329ನೇ ವಿಧಿ ಪುನರ್ವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಕ್ಕೆ ತಡೆ ಒಡ್ಡುತ್ತದೆ. ಆಯೋಗದ ಆದೇಶ ಪ್ರಕಟವಾದ ಮೇಲೆ ಕಾನೂನಿನಷ್ಟೇ ಬಲವುಳ್ಳದ್ದು ಎಂದು ಸುಪ್ರೀಂ ಕೋರ್ಟ್ 1966ರಲ್ಲೇ ಮೇಘರಾಜ್ ಕೊಠಾರಿ ಪ್ರಕರಣದಲ್ಲಿ ಹೇಳಿದೆ. ಆದೇಶ ಕಣ್ಣಿಗೆ ರಾಚುವಷ್ಟು ಮನಸೋಇಚ್ಛೆಯದಾಗಿದ್ದು ಸಂವಿಧಾನದ ಮೌಲ್ಯಗಳಿಗೆ ವಿರುದ್ಧವಾಗಿದ್ದರೆ ಪರಿಶೀಲಿಸಬಹುದು ಎಂದು 2024ರಲ್ಲಿ ಅದೇ ನ್ಯಾಯಾಲಯ ಒಂದು ಸಣ್ಣ ಬಾಗಿಲು ತೆರೆದಿಟ್ಟಿದೆ. ಆದರೆ ಮೇಲಿನ ಲೆಕ್ಕ ನೋಡಿದ ಮೇಲೆ ಸಾತನೂರಿನ ವಿಷಯದಲ್ಲಿ ಆ ಬಾಗಿಲಿನಿಂದ ಒಳಗೆ ಹೋಗಲು ಏನು ಸಿಗುತ್ತದೆ? ಊರಿನವರು ಚಂದಾ ಎತ್ತಿ ವಕೀಲರಿಗೆ ಕೊಡುವ ಮೊದಲು ಎರಡು ಸಲ ಯೋಚಿಸಿ.

ಉಳಿದಿರುವ ದಾರಿ ಮುಂದಿನ ಪುನರ್ವಿಂಗಡಣೆ. ಸಂಖ್ಯೆಯ ಮೇಲಿನ ಕಟ್ಟು 2026ರ ನಂತರದ ಮೊದಲ ಜನಗಣತಿಯವರೆಗೆ ಎಂದು 84ನೇ ತಿದ್ದುಪಡಿ ಹೇಳಿದ್ದು. ಹೊಸ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. 224 ಎಂಬ ಸಂಖ್ಯೆ ಹೆಚ್ಚಿದರೆ ಕನಕಪುರದಂಥ ದೊಡ್ಡ ಕ್ಷೇತ್ರ ಮತ್ತೆ ಒಡೆಯುವ ಸಾಧ್ಯತೆ ಇದೆ. ಹೆಚ್ಚದಿದ್ದರೆ ಅಪಾಯವೂ ಇದೆ, ಏಕೆಂದರೆ ಬೆಂಗಳೂರು ಬೆಳೆಯುವುದನ್ನು ನಿಲ್ಲಿಸಿಲ್ಲ. ನಗರ ಇನ್ನಷ್ಟು ಸ್ಥಾನ ಕೇಳಿದರೆ ಹಳ್ಳಿಯ ಬದಿಯ ಗೋಡೆಗಳು ಇನ್ನೂ ಸರಿಯಬೇಕಾದೀತು.

ಕಳೆದ ಸಲ ಆಯೋಗ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಿದ ಮೇಲೆಯೇ ಅಂತಿಮ ಆದೇಶ ಹೊರಡಿಸಿತು. ಕಾಯ್ದೆಯಲ್ಲಿ ಆ ಹಂತ ಕಡ್ಡಾಯವಾಗಿತ್ತು. ಅಂಥ ಸಭೆಗಳಿಗೆ ಪಕ್ಷಗಳವರು ಕಡತ ಹಿಡಿದು ಬರುತ್ತಾರೆ, ಹಳ್ಳಿಯವರು ಬರುವುದು ಕಡಿಮೆ. ಬಂದವರು ‘ನಮಗೆ ಅನ್ಯಾಯವಾಗಿದೆ’ ಎಂದು ಹೇಳಿ ಕೂರುತ್ತಾರೆ. ಅದರಿಂದ ಗೆರೆ ಸರಿಯುವುದಿಲ್ಲ. ನಿಮ್ಮ ಊರಿನ ಹುಡುಗರು ಈಗಿನಿಂದಲೇ ಮಾಡಬಹುದಾದ ಕೆಲಸವೆಂದರೆ ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ ಹೋಬಳಿಗಳ ಪ್ರತಿ ಹಳ್ಳಿಯ ಜನಸಂಖ್ಯೆಯನ್ನು ಒಂದು ಪಟ್ಟಿ ಮಾಡುವುದು. ಪ್ರತಿ ಹಳ್ಳಿಯಿಂದ ಸಾತನೂರಿಗೆ ಎಷ್ಟು ಕಿಲೋಮೀಟರ್, ಕನಕಪುರಕ್ಕೆ ಎಷ್ಟು, ದಿನಕ್ಕೆ ಎಷ್ಟು ಬಸ್ಸು ಎಂದು ಅದರ ಪಕ್ಕದಲ್ಲಿ ಬರೆಯುವುದು. ಅರ್ಕಾವತಿಯೂ ಕಾವೇರಿಯೂ ಮಳೆಗಾಲದಲ್ಲಿ ಯಾವ ಹಳ್ಳಿಗಳ ದಾರಿ ಕಡಿಯುತ್ತವೆ, ಕಾಡಿನ ಗಡಿ ಯಾವ ಊರನ್ನು ಯಾವುದರಿಂದ ಬೇರ್ಪಡಿಸುತ್ತದೆ ಎಂದು ನಕ್ಷೆಯ ಮೇಲೆ ಗುರುತಿಸುವುದು. ಭೌಗೋಳಿಕ ಲಕ್ಷಣ, ಸಂಪರ್ಕ, ಆಡಳಿತ ಘಟಕದ ಗಡಿ, ಜನರ ಅನುಕೂಲ, ಈ ನಾಲ್ಕನ್ನು ಆಯೋಗ ಗಮನಿಸಲೇಬೇಕು ಎಂದು ಕಾಯ್ದೆ ಹೇಳಿತ್ತು. ನಿಮ್ಮ ಮನವಿ ಆ ನಾಲ್ಕರ ಭಾಷೆಯಲ್ಲೇ ಇರಲಿ. ಸೇರಿಸಬೇಕಾದ ಹಳ್ಳಿಗಳ ಒಟ್ಟು ಜನಸಂಖ್ಯೆ ಸರಾಸರಿಯ ಶೇ 10ರ ಒಳಗೆ ಬರುವಂತೆ ಕೂಡಿಸಿ ತೋರಿಸಿ. ಪಕ್ಕದ ಕ್ಷೇತ್ರ ಅದರಿಂದ ಮಿತಿ ಮೀರುವುದಿಲ್ಲ ಎಂಬುದನ್ನೂ ತೋರಿಸಿ. ಪಂಚಾಯಿತಿಗಳ ಠರಾವುಗಳನ್ನು ಜೊತೆಗಿಡಿ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಗುವ ದಿನಗಳು ಕೆಲವೇ. ಈ ಪಟ್ಟಿ ಅಷ್ಟರೊಳಗೆ ಸಿದ್ಧವಾಗುವಂಥದ್ದಲ್ಲ.